ಹಬ್ಬಕ್ಕೆ ಇಟ್ಕೊಳ್ಳಿ

ವಸೂಲಿಗೆ ಹೋದವನು ಬಾಯಿಬಿಟ್ಟು ದುಡ್ಡು ಕೇಳಬಾರದು. ತಿಪಟೂರಿನಲ್ಲಿ ಗಾಜು ಒರೆಸುವ ಕೆಲಸಕ್ಕೆ ಇಳಿದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಅಂಗಡಿಯ ಮುಂದೆ ಮೊಪೆಡ್ ನಿಲ್ಲಿಸಬೇಕು. ಏಣಿ ಬಿಚ್ಚಬಾರದು, ಬಿಚ್ಚಿದರೆ ಕೆಲಸಕ್ಕೆ ಬಂದಿದ್ದಾನೆ ಅಂದುಕೊಳ್ಳುತ್ತಾರೆ. ಗಾಜಿನ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿ, 'ಗಾಜು ಹೆಂಗದೆ ಅಣ್ಣ?' ಎಂದು ಕೇಳಬೇಕು. ಮರ್ಯಾದಸ್ಥನಾದರೆ ಅಷ್ಟಕ್ಕೇ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾನೆ. ಇನ್ನೊಂದು ಜಾತಿಯವನು, 'ಚೆನ್ನಾಗದೆ ಕಣಪ್ಪ' ಅಂದು ಫೋನ್ ಎತ್ತಿಕೊಳ್ಳುತ್ತಾನೆ. ಅಂಥವನ ಬಾಗಿಲಲ್ಲಿ ನಾನು ಸುಮ್ಮನೆ ನಿಂತುಬಿಡುತ್ತೇನೆ. ಗಿರಾಕಿಗಳು ನನ್ನನ್ನು ಬಳಸಿಕೊಂಡು ಒಳಗೆ ಹೋಗಬೇಕು. ಸ್ವಲ್ಪ ಹೊತ್ತಿಗೆ ದುಡ್ಡೂ ಬರುತ್ತದೆ, ಜೊತೆಗೊಂದು ಬೈಗುಳವೂ ಬರುತ್ತದೆ. ಎರಡನ್ನೂ ಇಸ್ಕೊಂಡು ಹೊರಡುತ್ತೇನೆ.

ಕೆಲಸಕ್ಕೇನೂ ಬರವಿಲ್ಲ. ನಾರಿನ ಕಾರ್ಖಾನೆಗಳಿಂದ ಏಳುವ ಕಂದು ಪುಡಿ, ಎಣ್ಣೆ ಮಿಲ್ಲಿನ ಕಡೆಯಿಂದ ಬರುವ ಜಿಡ್ಡು, ಎರಡೂ ಸೇರಿ ನಮ್ಮೂರಿನ ಗಾಜಿಗೆ ಹದಿನೈದು ದಿನದಲ್ಲಿ ಪೊರೆ ಕಟ್ಟುತ್ತದೆ. ಬಿಸಿ ಸೋಪಿನ ನೀರು ಹಾಕಿ ತೊಳೆದು, ರಬ್ಬರ್ ಪಟ್ಟಿಯಲ್ಲಿ ಎಳೆದು, ಹಳೇ ಪಂಚೆಯ ಬಟ್ಟೆಯಲ್ಲಿ ಒರೆಸಿದರೆ ಮಾತ್ರ ಹೋಗುತ್ತದೆ. ಮೊದಲು ಊರಿನಲ್ಲಿ ಗಾಜು ಇದ್ದದ್ದೇ ಕಡಿಮೆ, ಅಂಗಡಿಗಳಿಗೆಲ್ಲ ಹಲಗೆ ಬಾಗಿಲು. ಈಗ ಮೊಬೈಲ್ ಅಂಗಡಿ, ಕ್ಲಿನಿಕ್ಕು, ಕೊಬ್ಬರಿ ಮಂಡಿಯ ಕ್ಯಾಬಿನ್ನು, ಎಲ್ಲಕ್ಕೂ ಗಾಜು. ಒರೆಸುವುದು ಸುಲಭ. ಕಷ್ಟ ಇರುವುದು ಆಮೇಲೆ.

ನಮ್ಮ ಜನಕ್ಕೆ ದುಡ್ಡು ಕೊಡದೇ ಇರುವುದಕ್ಕೆ ದೇವರೇ ದಾರಿ ಮಾಡಿಕೊಟ್ಟಿದ್ದಾನೆ. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಆಚೆ ಕಳಿಸುವಂತಿಲ್ಲ. ಹರಾಜಿನ ದಿನ ಮಂಡಿಯವರು ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ಹೋದರೆ ಇನ್ನೂ ಬೋಣಿ ಆಗಿಲ್ಲ, ಸಂಜೆ ಹೋದರೆ ದೀಪ ಹಚ್ಚಿ ಆಗಿದೆ. ಅಮಾವಾಸ್ಯೆಯ ವಿಷಯ ಹೇಳಲೇಬೇಕಿಲ್ಲ. ಒಬ್ಬ ಮಂಡಿ ಸಾಹುಕಾರನಂತೂ, 'ಕೊಬ್ಬರಿ ರೇಟು ಬಿದ್ದೋಗದೆ ಕಣ್ಲಾ, ಏರ್ಲಿ ಕೊಡ್ತೀನಿ' ಎಂದು ಆರು ತಿಂಗಳು ಹೇಳಿದ. ರೇಟು ಏರಿತು. ಆಗ, 'ಈಗ ಮಾಲು ಹಿಡ್ದಿದೀನಿ ಕಣ್ಲಾ, ಕೈಯಾಗೆ ಕಾಸಿಲ್ಲ' ಅಂದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಕೊನೆಗೆ ಒಂದು ಚೀಲ ಕಾಯಿ ಹೊರಿಸಿ ಕಳಿಸಿದ. ಒಂಟಿ ಮನುಷ್ಯ ನಾನು, ಅಷ್ಟು ಕಾಯಿ ತೆಗೆದುಕೊಂಡು ಏನು ಮಾಡಲಿ? ಚಿಪ್ಪು ಕೊಡಲಿಲ್ಲವಲ್ಲ, ಪುಣ್ಯ ಎಂದುಕೊಂಡೆ.

ಹೀಗೆಲ್ಲ ಬೈದುಕೊಳ್ಳುತ್ತಿದ್ದರೂ ವಸೂಲಿಯ ದಿನಗಳೆಂದರೆ ನನಗೆ ಒಳಗೊಳಗೇ ಇಷ್ಟ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಜನವಿಲ್ಲ. ಮಕ್ಕಳಾಗಲಿಲ್ಲ. ಇರುವುದು ಒಂದು ರೂಮು, ಒಂದು ಒಲೆ. ಒಬ್ಬನಿಗೆ ಅನ್ನ ಮಾಡುವುದು ಇವತ್ತಿಗೂ ನನಗೆ ಬರುವುದಿಲ್ಲ, ಯಾವಾಗಲೂ ಮಿಕ್ಕುತ್ತದೆ. ಗಾಜು ಒರೆಸುವಾಗ ಯಾರೂ ಮಾತಾಡಿಸುವುದಿಲ್ಲ, ಗಾಜಿನ ಆಚೆ ಅವರು, ಈಚೆ ನಾನು. ಬಾಯಿ ಆಡುವುದು, ಬೈಸಿಕೊಳ್ಳುವುದಕ್ಕಾದರೂ ಸರಿ, ದುಡ್ಡು ಕೇಳುವಾಗ ಮಾತ್ರ. ಆಮೇಲೆ ಅದಕ್ಕೂ ಕಲ್ಲು ಬಿತ್ತು. ಒಬ್ಬೊಬ್ಬರಾಗಿ ಎಲ್ಲರೂ, 'ಬರೋದ್ಯಾಕೆ, ಫೋನಲ್ಲೇ ಹಾಕ್ತೀನಿ ಬುಡು' ಎನ್ನತೊಡಗಿದರು. ಮಂಡಿ ಸಾಹುಕಾರ ಕೂಡ ಹಾಕಿದ, ನೋಡಿ! ಟಣ್ ಎಂದು ಸದ್ದಾಗುತ್ತದೆ, ದುಡ್ಡು ಬಂದಿರುತ್ತದೆ, ನನ್ನನ್ನು ಬೈಯಲೂ ಯಾರೂ ಇರುವುದಿಲ್ಲ. ತಿಪಟೂರಿನಲ್ಲಿ ಗಾಡಿ ಬಿಡಿಭಾಗದ ಅಂಗಡಿ ಇಟ್ಟಿರುವ ಒಬ್ಬ ಸಾಬರು ಮಾತ್ರ ಇವತ್ತಿಗೂ ಕರೆದು, ಚಾ ಕುಡಿಸಿ, ಕೈಗೇ ಕೊಡುತ್ತಾರೆ.

ತುರುವೇಕೆರೆಯಲ್ಲಿ ಒಂದು ಅಂಗಡಿಯವರಿಗೆ ಮಾತ್ರ ನಾನು ಸುಳ್ಳು ಹೇಳಿದ್ದೆ. 'ನನ್ನ ಫೋನಿಗೆ ದುಡ್ಡು ಬರಲ್ಲ, ಬ್ಯಾಂಕಿಂದು ಏನೋ ತೊಂದ್ರೆ ಆಗದೆ. ನಾನೇ ಬಂದು ಇಸ್ಕೊಂತೀನಿ.'

ಅದು ಬ್ಲೌಸ್ ಹೊಲಿಯುವ ಅಂಗಡಿ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮುಂದೊಂದು ದೊಡ್ಡ ಗಾಜು, ಗಾಜಿನ ಹಿಂದೆ ಬ್ಲೌಸ್ ತೊಡಿಸಿದ ಎರಡು ಗೊಂಬೆ. ಹೊಲಿಯುವಾಕೆಗೆ ನಲವತ್ತು ದಾಟಿತ್ತು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ಕಳೆದುಹೋಗಿತ್ತು. ಆ ತಾಯಿಯೂ ಹೋಗಿ, ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು. ಒಡಹುಟ್ಟಿದವರು ಯಾರೂ ಇಲ್ಲ. ಇದೆಲ್ಲ ಆಕೆ ಒಂದೇ ದಿನ ಹೇಳಿದ್ದಲ್ಲ. ತಿಂಗಳಿಗೆ ಒಂದಿಷ್ಟರಂತೆ, ಮಿಷನ್ನಿನ ಸದ್ದು ನಿಂತಾಗ ನಿಂತಾಗ ನನಗೆ ತಿಳಿದದ್ದು.

ಕೆಲಸ ಮುಗಿಸಿದ ಕೂಡಲೇ ಆಕೆ ದುಡ್ಡು ತೆಗೆಯುತ್ತಿದ್ದಳು. ನಾನು, 'ಇರ್ಲಿ, ಇಟ್ಕೊಂಡಿರಿ, ಮುಂದಿನ ವಾರ ಈ ಕಡೆ ಬರೋದದೆ' ಅನ್ನುತ್ತಿದ್ದೆ. ಮುಂದಿನ ವಾರ ಆ ಕಡೆ ನನಗೇನೂ ಕೆಲಸ ಇರುತ್ತಿರಲಿಲ್ಲ. ತಿಪಟೂರಿನಿಂದ ನೊಣವಿನಕೆರೆ ದಾಟಿಕೊಂಡು ಆ ದುಡ್ಡಿಗೋಸ್ಕರವೇ ಹೋಗುತ್ತಿದ್ದೆ. ಪೆಟ್ರೋಲಿಗೆ ಅದಕ್ಕಿಂತ ಹೆಚ್ಚೇ ಹೋಗುತ್ತಿತ್ತು. ವ್ಯಾಪಾರ ಬಲ್ಲವರು ಯಾರಾದರೂ ನೋಡಿದ್ದರೆ ಕ್ಯಾಕರಿಸಿ ಉಗಿಯುತ್ತಿದ್ದರು.

ನನಗೆ ಆಸೆ ಇತ್ತು. ಸುತ್ತಿ ಬಳಸಿ ಹೇಳುವುದೇನಿದೆ? ಆಕೆ ನನ್ನ ಜೊತೆ ಇರಲಿ ಎಂಬ ಆಸೆ. ಈ ಐವತ್ತರ ಮೇಲೆ ಪ್ರಾಯದ ಹುಡುಗರ ಥರ ಏನೂ ಇಲ್ಲ. ಸಂಜೆ ಮನೆಗೆ ಹೋದರೆ ಒಳಗೆ ದೀಪ ಹಚ್ಚಿರಬೇಕು, 'ಯಾಕೆ ತಡ?' ಅನ್ನುವವರು ಒಬ್ಬರು ಇರಬೇಕು. ಜಾತಿಯೂ ಅಡ್ಡ ಬರುವಂತಿರಲಿಲ್ಲ, ಅದನ್ನೂ ವಿಚಾರಿಸಿಕೊಂಡಿದ್ದೆ.

ಆಸೆಗೆ ಒಂದು ಆಧಾರವೂ ಇತ್ತು. ಬೇರೆಯವರು ಕೇಳಿದರೆ ನಗಬಹುದು. ನಮ್ಮ ಕಡೆ ಗುರುತಿಲ್ಲದ ಗಂಡಸರನ್ನೆಲ್ಲ ಹೆಂಗಸರು ಅಣ್ಣ ಎಂದೇ ಕರೆಯುವುದು. ಬಸ್ ಕಂಡಕ್ಟರ್ ಅಣ್ಣ, ಸೊಪ್ಪು ಮಾರುವವನು ಅಣ್ಣ, ಕರೆಂಟ್ ಬಿಲ್ಲಿನವನು ಅಣ್ಣ. ನಾನು ಗಾಜು ಒರೆಸುವ ಮನೆಮನೆಯಲ್ಲೂ ಅಣ್ಣನೇ. ಆಕೆ ಮಾತ್ರ ಒಂದು ದಿನವೂ ನನ್ನನ್ನು ಅಣ್ಣ ಅನ್ನಲಿಲ್ಲ. 'ಬಂದ್ರಾ?' ಅನ್ನುತ್ತಿದ್ದಳು. 'ಏನ್ರೀ, ಬಿಸಿಲಲ್ಲಿ ಬಂದಿದೀರಲ್ರೀ' ಅನ್ನುತ್ತಿದ್ದಳು. ಆ 'ರೀ' ನನ್ನ ಕಿವಿಯಲ್ಲಿ ನೊಣವಿನಕೆರೆಯವರೆಗೂ ಇರುತ್ತಿತ್ತು. ಒಂದೇ ಒಂದು ಅಕ್ಷರ ಹಿಡಿದುಕೊಂಡು ಮನುಷ್ಯ ಎಷ್ಟು ದೂರ ಹೋಗುತ್ತಾನೆ ನೋಡಿ.

ಕೇಳಿಬಿಡಬೇಕು ಎಂದು ತೀರ್ಮಾನ ಮಾಡಿದ್ದು ಗೌರಿ ಹಬ್ಬ ಹತ್ತಿರ ಬಂದಾಗ. ಹಬ್ಬದ ಹಿಂದಿನ ದಿನ ಒಳ್ಳೆಯ ದಿನ ಎಂದು ನನಗೆ ನಾನೇ ಹೇಳಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಏಣಿ, ಬಕೆಟ್ಟು ಎಲ್ಲ ಮನೆಯಲ್ಲೇ ಬಿಟ್ಟು, ಬರೀ ಮೊಪೆಡ್ಡಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿಕೊಂಡೆ. 'ನೀವೂ ಒಬ್ರೇ ಇದೀರ, ನಾನೂ ಒಬ್ನೇ ಇದೀನಿ. ತಪ್ಪು ತಿಳ್ಕೋಬೇಡಿ.' ಎದುರಿಗೆ ಬಂದ ಕಾಯಿ ತುಂಬಿದ ಲಾರಿಯವನು ನನ್ನ ಬಾಯಿ ಆಡುವುದನ್ನು ಕಂಡು ಹಾರ್ನ್ ಹೊಡೆದು ನಕ್ಕ. ನನಗೂ ನಗು ಬಂತು. ಅವತ್ತು ಮನಸ್ಸು ಹಗುರಾಗಿತ್ತು.

ಹಬ್ಬದ ಹಿಂದಿನ ದಿನ ಬ್ಲೌಸಿನ ಅಂಗಡಿ ಹೇಗಿರುತ್ತದೆ ಎಂದು ಗಂಡಸಾದ ನನಗೆ ತಿಳಿದಿರಲಿಲ್ಲ. ಬಾಗಿಲ ತುಂಬ ಹೆಂಗಸರು. ಒಬ್ಬರಿಗೆ ಕೊಕ್ಕೆ ಹಾಕಿಲ್ಲ, ಇನ್ನೊಬ್ಬರಿಗೆ ತೋಳು ಬಿಗಿ. ಆಕೆ ಟೇಪು ಕುತ್ತಿಗೆಗೆ ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಓಡಾಡುತ್ತಿದ್ದಳು. ನಾನು ಗೊಂಬೆಗಳ ಪಕ್ಕ ನಿಂತೆ. ಜನ ಕರಗಿ, ಕೊನೆಗೆ ಒಬ್ಬ ಗಟ್ಟಿ ಗಂಟಲಿನ ಮುದುಕಿ ಉಳಿದರು, ಪಕ್ಕದ ಮನೆಯ ಗೌಡತಿ. ಈಕೆ ಯಾವಾಗ ಎದ್ದು ಹೋಗುತ್ತಾರೋ ಎಂದು ಕಾದೆ. ಅವರು ಎಲೆ ಅಡಿಕೆ ಬಿಚ್ಚಿ ಕೂತರು.

ಆಕೆ ಸೂಜಿ ತೆಗೆದು, 'ಬಂದ್ರಾ? ನಿಮ್ಮ ದುಡ್ಡು ತೆಗೆದಿಟ್ಟಿದೀನಿ, ತಡೀರಿ' ಎಂದು ಡ್ರಾಯರಿನಿಂದ ನೋಟು ತೆಗೆದು ನೀಡಿದಳು. ದುಡ್ಡು ಇಸ್ಕೊಂಡರೆ ಕೆಲಸ ಮುಗಿಯಿತು, ಇನ್ನು ಅಲ್ಲಿ ನಿಂತಿರುವುದಕ್ಕೆ ನೆಪ ಇಲ್ಲ. ಗೌಡತಿ ಎದುರಿಗೆ ಇದ್ದಾರೆ. ದಾರಿಯಲ್ಲಿ ಅಷ್ಟು ಸಲ ಹೇಳಿಕೊಂಡ ಮಾತು ತುಟಿಯವರೆಗೆ ಬಂದು ಒಳಗೆ ಹೋಯಿತು. ಬಾಯಿಗೆ ಬಂದದ್ದು ಪ್ರತಿ ತಿಂಗಳು ಹೇಳುವ ಮಾತೇ. ಹಬ್ಬ ಬೇರೆ ತಲೆಯಲ್ಲಿತ್ತಲ್ಲ, ಅದನ್ನೂ ಸೇರಿಸಿಬಿಟ್ಟೆ.

'ಇರ್ಲಿ, ಹಬ್ಬಕ್ಕೆ ಇಟ್ಕೊಳ್ಳಿ.'

ಗೌಡತಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. 'ಅಯ್ಯೋ ನೋಡೇ! ಗೌರಿ ಹಬ್ಬಕ್ಕೆ ದುಡ್ಡು ಕೊಟ್ನಲ್ಲೇ! ತವರಿಲ್ಲ, ಅಣ್ಣ ತಮ್ಮಂದ್ರಿಲ್ಲ, ಅರಿಶಿನ ಕುಂಕುಮಕ್ಕೆ ಕೊಡೋರು ಗತಿಯಿಲ್ಲ ಅಂತ ವರ್ಷ ವರ್ಷ ಅಳ್ತಿದ್ದೆಯಲ್ಲ. ದೇವ್ರು ಕಳಿಸಿದಾನೆ ಕಣೇ, ಇವನೇ ನಿನ್ನ ಅಣ್ಣ!'

ಗೌರಿ ಹಬ್ಬಕ್ಕೆ ತಂಗಿಯ ಕೈಗೆ ದುಡ್ಡು ಕೊಡುವವನು ಅಣ್ಣ. ಇದು ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ನನ್ನ ಹೆಂಡತಿಯ ಅಣ್ಣ ಚಿಕ್ಕನಾಯಕನಹಳ್ಳಿಯಿಂದ ವರ್ಷ ತಪ್ಪದೆ ಬಂದು, ಅವಳ ಕೈಗೆ ದುಡ್ಡಿಟ್ಟು, ಊಟ ಮಾಡಿಕೊಂಡು ಹೋಗುತ್ತಿದ್ದ. ಆದರೂ ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಕೆ ನೋಟು ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾನು, ಅಲ್ಲ, ಹಾಗಲ್ಲ ನಾನಂದದ್ದು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯ ಕಣ್ಣು ತುಂಬಿ ಹರಿಯಿತು. ಕುತ್ತಿಗೆಯ ಟೇಪಿನ ತುದಿಯಿಂದಲೇ ಒರೆಸಿಕೊಂಡಳು. ನೋಟನ್ನು ಕಣ್ಣಿಗೆ ಒತ್ತಿಕೊಂಡು ದೇವರ ಪಟದ ಮುಂದೆ ಇಟ್ಟು ಬಂದು, 'ಕೂತ್ಕೊಳ್ಳಿ ಅಣ್ಣ, ಕಾಫಿ ಮಾಡ್ತೀನಿ' ಅಂದಳು.

ಕಾಫಿ ಕುಡಿದೆ. ಚೆನ್ನಾಗಿತ್ತು, ಸಕ್ಕರೆ ಮುಂದಾಗಿ ಹಾಕಿದ್ದಳು. ಅಷ್ಟು ಸಂತೋಷವಾಗಿ ನಾನು ಆಕೆಯನ್ನು ಎಂದೂ ನೋಡಿರಲಿಲ್ಲ. ಆ ಸಂತೋಷಕ್ಕೆ ಕಾರಣ ನಾನೇ. ಅದನ್ನು ಕಿತ್ತುಕೊಂಡು, ಇಲ್ಲಮ್ಮ, ನಾನು ಬಂದದ್ದು ಬೇರೆ ಕೇಳುವುದಕ್ಕೆ ಎಂದು ಹೇಳುವುದು ಯಾವ ಬಾಯಿಂದ? ಬರುವಾಗ ನೊಣವಿನಕೆರೆಯ ಹತ್ತಿರ ಗಾಡಿ ನಿಲ್ಲಿಸಿ, ತೋಟದ ಬೇಲಿಯ ಪಕ್ಕ ನಿಂತು, ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡೆ. ಬೈದು ಮುಗಿದ ಮೇಲೆ ಅಲ್ಲೇ ಕೂತು ಅತ್ತೆ. ಹೆಂಡತಿ ಸತ್ತಾಗ ಜನ ಇದ್ದರು, ಹಿಡಿದುಕೊಂಡರು. ಅವತ್ತು ಯಾರೂ ಇರಲಿಲ್ಲ.

ಆಮೇಲಿನ ತಿಂಗಳು ಆಕೆ ದುಡ್ಡು ಬಾಕಿ ಇಡಲು ಒಪ್ಪಲಿಲ್ಲ. 'ಹಬ್ಬದ್ದು ಹಬ್ಬಕ್ಕೆ, ದುಡಿದಿದ್ದು ದುಡಿದಿದ್ದಕ್ಕೆ. ಅಣ್ಣನ್ನ ಎರಡು ಸಲ ಅಲೆಸ್ತಾರಾ ಯಾರಾದ್ರೂ?' ಅಂದಳು. ಅಲ್ಲಿಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದದ್ದು ಒಂದೇ ಸಲ ಆಯಿತು. ಹೋದಾಗ ಊಟ ಹಾಕುತ್ತಿದ್ದಳು. ಮುದ್ದೆ, ಬಸ್ಸಾರು. ಬೇಡವೆಂದರೆ ಗದರುತ್ತಿದ್ದಳು. ಜನ ಹೊಟ್ಟೆಕಿಚ್ಚು ಪಡುವಂಥ ತಂಗಿ. ಊಟ ಮಾಡಿ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಗೋಡೆ ನೋಡುತ್ತಾ ಮಲಗುತ್ತಿದ್ದೆ. ಅಣ್ಣನಾದ ಮೇಲೆ ನಾನು ಮೊದಲಿಗಿಂತ ಹೆಚ್ಚು ಒಂಟಿಯಾದೆ. ಮೊದಲು ಕಾಯುವುದಕ್ಕೆ ಏನೋ ಒಂದಿತ್ತು.

ಮುಂದಿನ ಗೌರಿ ಹಬ್ಬಕ್ಕೂ ದುಡ್ಡು ಕೊಟ್ಟೆ, ಈ ಸಲ ತಿಳಿದೇ ಕೊಟ್ಟೆ. ಅದಾಗಿ ಸ್ವಲ್ಪ ದಿನಕ್ಕೆ ಆಕೆಗೆ ಒಂದು ಸಂಬಂಧ ಬಂತು. ತಂದವರು ಅದೇ ಗೌಡತಿ. ಗಂಡು ಮಾಯಸಂದ್ರದವನು, ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಹೆಂಡತಿ ಸತ್ತು ಕೆಲವು ವರ್ಷ ಆಗಿದೆ. ಆಕೆ ಬ್ಲೌಸಿನ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾ, ನನ್ನ ಮುಖ ನೋಡದೆ, 'ನೀವೇ ಹೋಗಿ ವಿಚಾರಿಸ್ಕೊಂಡು ಬನ್ನಿ ಅಣ್ಣ. ನನಗೆ ಇನ್ಯಾರವ್ರೆ? ನೀವು ಹೂಂ ಅಂದ್ರೆ ಹೂಂ, ಬ್ಯಾಡ ಅಂದ್ರೆ ಬ್ಯಾಡ' ಅಂದಳು.

ಮಾಯಸಂದ್ರಕ್ಕೆ ಹೋಗುವಾಗ ಆ ಮನುಷ್ಯ ಕುಡುಕನಾಗಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಇಸ್ಪೀಟು ಆಡುವವನಾದರೂ ಆಗಬಹುದು. ಬಸ್ ನಿಲ್ಲುವ ಕಡೆಯ ಹೋಟೆಲಿನಲ್ಲಿ ಕೇಳಿದೆ, ಕ್ಷೌರದ ಅಂಗಡಿಯಲ್ಲಿ ಗಡ್ಡ ಇಲ್ಲದಿದ್ದರೂ ಕೆರೆಸಿಕೊಂಡು ಕೇಳಿದೆ. 'ಗಿರಣಿಯೋರಾ? ಬಂಗಾರದಂಥ ಮನುಷ್ಯ ಕಣ್ರೀ' ಅಂದರು ಎಲ್ಲರೂ. ದರಿದ್ರ ಊರು, ಒಬ್ಬನಿಗೂ ಚಾಡಿ ಹೇಳಲು ಬರುವುದಿಲ್ಲ. ಗಿರಣಿಗೇ ಹೋದೆ. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು ಕೂತಿದ್ದ ಮನುಷ್ಯ ಮಿಷನ್ ನಿಲ್ಲಿಸಿ, ಸ್ಟೂಲನ್ನು ಟವೆಲಿನಿಂದ ಒರೆಸಿ ನನ್ನನ್ನು ಕೂರಿಸಿದ. ನಾನು ಯಾರೆಂದು ಗೊತ್ತಾದಾಗ ಗಾಬರಿಯಿಂದ ಎದ್ದು ನಿಂತ.

'ನನ್ನ ಹತ್ರ ಜಾಸ್ತಿ ಏನಿಲ್ಲ ಅಣ್ಣ. ಗಿರಣಿ ಅದೆ, ಮನೆ ಅದೆ. ಒಬ್ನೇ ಇದ್ದು ಇದ್ದು ಸಾಕಾಗೋಗದೆ. ಒಬ್ನಿಗೆ ಅಡಿಗೆ ಮಾಡ್ಕೊಳ್ಳೋದು ಅದೆಯಲ್ಲ, ಅದು ಶತ್ರುಗೂ ಬ್ಯಾಡ.'

ಏನು ಹೇಳಲಿ ಇವನಿಗೆ? ನಾನು ದಾರಿಯಲ್ಲಿ ಉರುಹೊಡೆದು ನುಂಗಿಕೊಂಡ ಮಾತನ್ನೇ ಅವನು ನಾಚಿಕೆಯಿಲ್ಲದೆ, ನನ್ನ ಎದುರಿಗೇ, ಸಲೀಸಾಗಿ ಹೇಳಿಬಿಟ್ಟಿದ್ದ. ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಹುಡುಕಿದರೂ ಅವನಲ್ಲಿ ತಪ್ಪು ಸಿಗಲಿಲ್ಲ.

ತುರುವೇಕೆರೆಗೆ ವಾಪಸ್ಸು ಬರುವಾಗ ಗಾಡಿಯನ್ನು ಬೇಕೆಂದೇ ನಿಧಾನ ಓಡಿಸಿದೆ. ಒಂದು ಮಾತು ಸಾಕಿತ್ತು. ಕೈ ಸ್ವಲ್ಪ ಬಿಗಿಯಂತೆ, ಮುಂಗೋಪವಂತೆ ಎಂದರೆ ಮುಗಿಯಿತು. ಆಕೆ ಮತ್ತೆ ಕೇಳುವವಳಲ್ಲ. ಅಂಗಡಿ ಅಲ್ಲೇ ಇರುತ್ತದೆ, ಗಾಜೂ ಇರುತ್ತದೆ, ತಿಂಗಳಿಗೊಂದು ಸಲ ಮುದ್ದೆ ಬಸ್ಸಾರು ಇರುತ್ತದೆ. ಆಕೆ ಯಾರಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಹೀಗೆ ಎಣಿಸುತ್ತಾ ಬಂದು ನೋಡಿದರೆ ಆಕೆ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಕತ್ತರಿ ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

'ಹೆಂಗವ್ರೆ ಅಣ್ಣ?'

'ಒಳ್ಳೇವ್ನು ಕಣಮ್ಮ' ಅಂದೆ. 'ಒಪ್ಕೊಂಬುಡು.'

ಆಕೆಯನ್ನು ನಾನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮದುವೆ ಸಂಪಿಗೆ ಊರಿನ ದೇವಸ್ಥಾನದಲ್ಲಿ ಆಯಿತು. ಎರಡೂ ಕಡೆ ಸೇರಿ ಒಂದು ಟೆಂಪೋ ಜನ. ಗಂಡಿಗೆ ಪಂಚೆ ಶಲ್ಯ, ಹೆಣ್ಣಿಗೆ ಸೀರೆ, ಅಣ್ಣನ ಕಡೆಯಿಂದ ಏನೇನು ಬರಬೇಕೋ ಎಲ್ಲ ನಾನೇ ತಂದೆ. ಧಾರೆಯ ಹೊತ್ತಿಗೆ ಮದುವೆ ಮಾಡಿಸುವ ಅಯ್ಯನವರು, 'ಹೆಣ್ಣಿನ ಕಡೆಯೋರು ಬನ್ನಿ' ಎಂದು ಕೂಗಿದರು. ಆಕೆ ನನ್ನ ಕಡೆ ನೋಡಿದಳು. ಹೋಗಿ ನಿಂತೆ.

'ಅಣ್ಣನಾ? ಸರಿ. ಮನೆಯೋರೆಲ್ಲಿ? ಕರೀರಿ' ಅಂದರು ಅಯ್ಯನವರು.

'ಇಲ್ಲ ಸ್ವಾಮಿ, ತೀರ್ಕೊಂಡವ್ರೆ.'

'ಹಂಗಾದ್ರೆ ಆಗಲ್ವಲ್ಲಪ್ಪ. ಧಾರೆಗೆ ದಂಪತಿ ಬೇಕು. ಯಾರಾದ್ರೂ ಜೋಡಿ ಇದ್ರೆ ಕಳಿಸ್ರಿ, ಮುಹೂರ್ತ ಮೀರ್ತದೆ.'

ಗೌಡತಿ ತಮ್ಮ ಯಜಮಾನರನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದರು. ನಾನು ಪಕ್ಕಕ್ಕೆ ಸರಿದು ಕಂಬದ ಹತ್ತಿರ ನಿಂತೆ. ಗಂಡನಾಗುವುದಕ್ಕೆ ಅಣ್ಣ ಎನ್ನುವುದು ಅಡ್ಡ ಬಂತು. ಅಣ್ಣನಾಗುವುದಕ್ಕೆ ಹೆಂಡತಿ ಇಲ್ಲದ್ದು ಅಡ್ಡ ಬಂತು. ನಿಜವಾಗಿಯೂ ನಗು ಬಂತು. ಪಕ್ಕದಲ್ಲಿದ್ದವರು ಅಳುತ್ತಿದ್ದೇನೆಂದು ತಿಳಿದು ಬೆನ್ನು ತಟ್ಟಿ, 'ತಂಗಿ ಅಂದ್ಮೇಲೆ ಹಂಗೇ ಕಣಪ್ಪ' ಅಂದರು.

ತಾಳಿ ಕಟ್ಟಿ ಆದ ಮೇಲೆ ಗಂಡು ಹೆಣ್ಣು ಹಿರಿಯರ ಕಾಲಿಗೆ ಬೀಳುತ್ತಾ ಬಂದರು. ಗಿರಣಿಯವನು ನನ್ನ ಕಾಲು ಮುಟ್ಟಿ ಎದ್ದ. ಅವತ್ತು ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ, ಚೆಂದ ಕಾಣುತ್ತಿದ್ದ. ಆಕೆ ಬಗ್ಗಿದಳು. ಏಳಲಿಲ್ಲ. 'ಆಶೀರ್ವಾದ ಮಾಡಣ್ಣ' ಅಂದಳು, ಬಗ್ಗಿದ ಕಡೆಯಿಂದಲೇ.

ಸೋಪಿನ ನೀರಿಗೆ ಬಿರುಕು ಬಿಟ್ಟ ಕೈ ನನ್ನದು. ಮುಡಿದ ಹೂವಿಗೆ ಸಿಕ್ಕಿಕೊಂಡೀತೆಂದು ಹೆದರಿ, ಮೆಲ್ಲಗೆ ಆಕೆಯ ತಲೆಯ ಮೇಲೆ ಇಟ್ಟೆ. ಕೂದಲು ಬೆಚ್ಚಗಿತ್ತು. ಇಷ್ಟು ವರ್ಷದಲ್ಲಿ ಆಕೆಯನ್ನು ನಾನು ಮುಟ್ಟಿದ್ದು ಅದೊಂದೇ ಸಲ. 'ಚೆನ್ನಾಗಿರು' ಅಂದೆ. ಹಿಂದೆ ನಿಂತಿದ್ದವರು ಬೇಗ ಬೇಗ ಅಂದರು. ಕೈ ತೆಗೆದೆ.